ಕಾಯಿಪಲ್ಲೆ ವಾರವಿಡೀ ತಾಜಾ ಇರಬೇಕಾದರೆ: ಸಂತೆ ಚೀಲದಿಂದ ಫ್ರಿಜ್‌ವರೆಗೆ ಹಂತ ಹಂತವಾಗಿ

ಭಾನುವಾರ ತಂದ ಕೊತ್ತಂಬರಿ ಬುಧವಾರಕ್ಕೆ ಲೋಳೆ. ಮೆಂತ್ಯೆ ಹಳದಿ. ಸವತಿಕಾಯಿ ಮೆತ್ತಗೆ, ಬಟಾಟಿಗೆ ಮೊಳಕೆ. ಉಳ್ಳಾಗಡ್ಡಿ ಬುಟ್ಟಿಯ ತಳದಲ್ಲಿ ಒಂದು ಕೊಳೆತು, ಅದರ ನೀರು ಪಕ್ಕದ ನಾಲ್ಕಕ್ಕೆ ಹತ್ತಿಕೊಂಡಿರುತ್ತದೆ. "ಫ್ರಿಜ್‌ನಲ್ಲೇ ಇಟ್ಟಿದ್ದೆವಲ್ಲ, ಆದರೂ ಯಾಕೆ ಹೀಗೆ?" ಅಂತ ಕೇಳುವವರೇ ಜಾಸ್ತಿ. ತಪ್ಪು ಬಹಳ ಸಲ ಫ್ರಿಜ್‌ನದ್ದಾಗಿರುವುದಿಲ್ಲ. ಫ್ರಿಜ್ ಬಾಗಿಲು ತೆರೆಯುವ ಮೊದಲು ಆಗಬೇಕಾದ ಕೆಲಸ ಆಗಿರುವುದಿಲ್ಲ, ಆಗಿದ್ದರೂ ಹಿಂದುಮುಂದಾಗಿರುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ರೊಟ್ಟಿ ಜೊತೆ ಮೆಂತ್ಯೆ, ಹಕ್ಕರಿಕಿ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಸವತಿಕಾಯಿ, ಗಜ್ಜರಿ ಎಲ್ಲವನ್ನೂ ಹಸಿಯಾಗಿಯೇ ತಿನ್ನುತ್ತೇವೆ. ಕುದಿಸುವ ಪಲ್ಲೆ ಸ್ವಲ್ಪ ಬಾಡಿದ್ದರೂ ನಡೆಯುತ್ತದೆ. ಹಸಿ ತಿನ್ನುವುದು ಬಾಡಿದರೆ ತಟ್ಟೆಗೆ ಹಾಕಿಕೊಳ್ಳಲು ಮನಸ್ಸೇ ಬರುವುದಿಲ್ಲ. ಅದಕ್ಕೇ ಇಲ್ಲಿ ತಪ್ಪಲು ಪಲ್ಲೆಗೆ, ಅಂದರೆ ಸೊಪ್ಪಿಗೆ, ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಕೆಲಸಕ್ಕೆ ಮೊದಲು ಇಷ್ಟು ಗೊತ್ತಿರಲಿ

ಹೊಲದಿಂದ ಕಿತ್ತ ಮೇಲೂ ಕಾಯಿಪಲ್ಲೆಗೆ ಜೀವ ಇರುತ್ತದೆ. ಅದು ಉಸಿರಾಡುತ್ತದೆ, ಮೈಯಿಂದ ಬಿಸಿ ಬಿಡುತ್ತದೆ, ನೀರು ಕಳೆದುಕೊಳ್ಳುತ್ತದೆ. ಪಾಲಕ್, ಸವತಿಕಾಯಿಯಂಥವುಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಭಾಗ ನೀರೇ. ಬೇರು ಕಡಿದ ಮೇಲೆ ಹೋದ ನೀರು ತುಂಬಿಕೊಳ್ಳಲು ದಾರಿ ಇಲ್ಲ, ಆದ್ದರಿಂದ ಬಾಡುತ್ತದೆ. ಬಿಸಿ 10 ಡಿಗ್ರಿ ಏರಿದರೆ ಈ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟು ಜೋರಾಗುತ್ತದೆ. ಏಪ್ರಿಲ್‌ನಲ್ಲಿ ಹುಬ್ಬಳ್ಳಿ, ಗದಗದ ಬಿಸಿಲಿಗೆ ಒಂದೇ ದಿನದಲ್ಲಿ ಸೊಪ್ಪು ಜೋತು ಬೀಳುವುದು ಇದಕ್ಕೇ.

ಇನ್ನೊಂದು ಕಡೆ, ಎಲೆಯ ಮೇಲೆ ನಿಂತ ನೀರು. ಅದರಲ್ಲಿ ಬೂಷ್ಟು ಮತ್ತು ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಲೋಳೆ ಬರುವುದು ಹೀಗೆ.

ಹಾಗಾಗಿ ನೆನಪಿಡಬೇಕಾದ್ದು ಎರಡೇ. ಒಳಗಿನ ನೀರು ಹೊರಗೆ ಹೋಗಬಾರದು. ಹೊರಗಿನ ನೀರು ಮೈಮೇಲೆ ನಿಲ್ಲಬಾರದು. ಮುಂದಿನ ಪ್ರತಿ ಹಂತವೂ ಇವೆರಡರಲ್ಲಿ ಒಂದಕ್ಕಾಗಿಯೇ ಇದೆ.

## ಬೇಕಾಗುವ ಸಾಮಾನು

ದುಡ್ಡು ಖರ್ಚು ಮಾಡುವಂಥದ್ದು ಏನೂ ಇಲ್ಲ. ಹಳೆಯ ಕಾಟನ್ ಸೀರೆ ಅಥವಾ ಧೋತರದ ತುಂಡುಗಳು ನಾಲ್ಕೈದು ಇರಲಿ, ತೊಳೆದು ಒಣಗಿಸಿದ್ದು. ಪಾಲಿಯೆಸ್ಟರ್ ಬಟ್ಟೆ ಬೇಡ, ಅದು ನೀರು ಹೀರುವುದಿಲ್ಲ. ಮುಚ್ಚಳ ಇರುವ ಮೂರು ನಾಲ್ಕು ಡಬ್ಬಿ, ಎರಡು ಬಿದಿರಿನ ಬುಟ್ಟಿ, ಒಂದು ಗೋಣಿಚೀಲ, ಕತ್ತರಿ, ಅಗಲ ಬಾಯಿಯ ಒಂದು ಗಾಜಿನ ಬಾಟಲಿ. ಏನೂ ಅಚ್ಚಾಗಿರದ ಬಿಳಿ ಕಾಗದ ಸಿಕ್ಕರೆ ಒಳ್ಳೆಯದು. ಓದಿ ಬಿಟ್ಟ ಪೇಪರಿನಲ್ಲಿ ಸುತ್ತುವ ರೂಢಿ ಬಹಳ ಮನೆಗಳಲ್ಲಿದೆ, ಆದರೆ ತೇವ ತಾಗಿದಾಗ ಅದರ ಮಸಿ ಸೊಪ್ಪಿಗೆ ಇಳಿಯುತ್ತದೆ. ಹಸಿ ತಿನ್ನುವ ತಪ್ಪಲಿಗಂತೂ ಅದು ಬೇಡವೇ ಬೇಡ.

## ಹಂತ 1: ಸಂತೆಯಲ್ಲೇ ಅರ್ಧ ಕೆಲಸ ಮುಗಿಸಿ

ಹುಬ್ಬಳ್ಳಿಯ ಜನತಾ ಬಜಾರ್ ಇರಲಿ, ಧಾರವಾಡದ ಸೂಪರ್ ಮಾರ್ಕೆಟ್ ಇರಲಿ, ಕೊಳ್ಳುವ ಸರದಿ ಒಂದೇ. ಮೊದಲು ಉಳ್ಳಾಗಡ್ಡಿ, ಬಟಾಟಿ, ಕ್ಯಾಬೀಜ್‌ನಂಥ ಭಾರದ ಸಾಮಾನು. ನಂತರ ಬದನೆ, ಹೀರೆ, ಚವಳಿಕಾಯಿ. ಟೊಮೆಟೊ ಮತ್ತು ತಪ್ಪಲು ಪಲ್ಲೆ ಕಟ್ಟಕಡೆಗೆ. ಮೊದಲೇ ಸೊಪ್ಪು ಕೊಂಡು ಅದರ ಮೇಲೆ ಎರಡು ಕಿಲೋ ಬಟಾಟಿ ಸುರಿಸಿಕೊಂಡರೆ ಮನೆ ಮುಟ್ಟುವಷ್ಟರಲ್ಲಿ ದಂಟುಗಳು ಜಜ್ಜಿಹೋಗಿರುತ್ತವೆ. ಜಜ್ಜಿದ ಕಡೆಯಿಂದಲೇ ಕೊಳೆ ಶುರುವಾಗುತ್ತದೆ.

ಸೊಪ್ಪು ಮಾರುವವರು ಬಾಡಬಾರದು ಅಂತ ನೀರು ಚಿಮುಕಿಸುತ್ತಲೇ ಇರುತ್ತಾರೆ. ಬಿಸಿಲಲ್ಲಿ ಕೂತು ಮಾರುವಾಗ ಅದು ಬೇಕಾಗುತ್ತದೆ, ಅವರದ್ದು ತಪ್ಪಲ್ಲ. ಆದರೆ ನೀವು ನಾಲ್ಕು ದಿನ ಇಡಬೇಕಾದರೆ ಬುಟ್ಟಿಯ ಕೆಳಗಿನ, ನೀರು ಬೀಳದ ಕಟ್ಟು ಕೇಳಿ. "ಅಕ್ಕಾರ, ನೀರು ಹೊಡೀಲಾರದ್ದು ಇದ್ರ ಕೊಡ್ರಿ" ಅಂದರೆ ಬಹಳ ಮಂದಿ ತೆಗೆದು ಕೊಡುತ್ತಾರೆ. ಕಟ್ಟನ್ನು ತಿರುಗಿಸಿ ನಡುಭಾಗ ನೋಡಿ. ಹೊರಗಿನ ಎಲೆ ಹಸಿರಾಗಿದ್ದು ದಾರ ಕಟ್ಟಿದ ಜಾಗದಲ್ಲಿ ಕಪ್ಪಾಗಿದ್ದರೆ ಅದು ಹಿಂದಿನ ದಿನದ ಕಟ್ಟು.

ಉಳ್ಳಾಗಡ್ಡಿಯನ್ನು ಕತ್ತಿನ ಹತ್ತಿರ, ಅಂದರೆ ತಪ್ಪಲು ಇದ್ದ ತುದಿಯಲ್ಲಿ, ಎರಡು ಬೆರಳಿಂದ ಒತ್ತಿ. ಗಟ್ಟಿಯಾಗಿ, ಸಣ್ಣಗೆ, ಒಣಗಿ ಮುಚ್ಚಿಕೊಂಡಿದ್ದರೆ ಬಾಳುತ್ತದೆ. ಮೆತ್ತಗೆ ಒಳಗೆ ಹೋದರೆ ಅದನ್ನು ಇಡಲು ಕೊಳ್ಳಬೇಡಿ.

ಬೆಂಡಿಕಾಯಿಯ ತುದಿ ಮುರಿದು ನೋಡುವ ಅಭ್ಯಾಸ ಬಿಡಿ. ಮುರಿದ ತುದಿ ಮೊದಲು ಕಪ್ಪಾಗುತ್ತದೆ, ಆಮೇಲೆ ಇಡೀ ಕಾಯಿ ಹೋಗುತ್ತದೆ. ಸಣ್ಣದು, ಎಳೆಯದು, ಮೈಮೇಲೆ ನುಣ್ಣನೆಯ ರೋಮ ಇರುವುದು ಆರಿಸಿದರೆ ಸಾಕು, ಮುರಿಯುವ ಅಗತ್ಯವೇ ಇಲ್ಲ.

ಚೀಲ ಬಟ್ಟೆಯದಿರಲಿ. ಸ್ಕೂಟರ್ ಡಿಕ್ಕಿಯಲ್ಲಿ ಸೊಪ್ಪು ತುಂಬಿ ಬಿಸಿಲಲ್ಲಿ ನಿಲ್ಲಿಸಿ ಬೇರೆ ಕೆಲಸಕ್ಕೆ ಹೋಗಬೇಡಿ. ಮುಚ್ಚಿದ ಆ ಕಾವಿನಲ್ಲಿ ಅರ್ಧ ತಾಸು ಇದ್ದರೂ ಮೆಂತ್ಯೆಯ ಆಯಸ್ಸು ಮುಗಿದಂತೆ. ಸಂತೆ ಕಟ್ಟಕಡೆಯ ಕೆಲಸವಾಗಲಿ.

## ಹಂತ 2: ಮನೆಗೆ ಬಂದ ಮೊದಲ ಅರ್ಧ ತಾಸು

ಬಹಳ ಮಂದಿ ಸೋಲುವುದು ಇಲ್ಲೇ. ದಣಿದು ಬಂದು, ಚೀಲ ಸಮೇತ ಫ್ರಿಜ್‌ಗೆ ತುರುಕಿ, "ನಾಳೆ ನೋಡಿದರಾಯ್ತು" ಅಂತ ಬಿಡುವುದು. ಬಿಸಿಯಾದ ಸೊಪ್ಪು ತಣ್ಣಗಿನ ಜಾಗಕ್ಕೆ ಹೋದ ಕೂಡಲೇ ಪ್ಲಾಸ್ಟಿಕ್ ಕವರಿನ ಒಳಮೈಯಲ್ಲಿ ನೀರಹನಿ ಕಟ್ಟುತ್ತದೆ. ಆ ಹನಿ ರಾತ್ರಿಯಿಡೀ ಎಲೆಯ ಮೇಲೆ ಕೂರುತ್ತದೆ.

ಮಾಡಬೇಕಾದ್ದು ಇದು. ಚೀಲದಲ್ಲಿರುವುದನ್ನೆಲ್ಲ ನೆರಳಲ್ಲಿ, ಬಟ್ಟೆಯ ಮೇಲೆ ಹರವಿ. ದಾರ, ರಬ್ಬರ್ ಬ್ಯಾಂಡ್ ಎಲ್ಲ ಬಿಚ್ಚಿ. ಕೆಟ್ಟ ಎಲೆ, ತೂತು ಬಿದ್ದ ಕಾಯಿ, ಜಜ್ಜಿದ ಟೊಮೆಟೊ ಬೇರೆ ತೆಗೆಯಿರಿ. ಇವುಗಳಲ್ಲಿ ತಿನ್ನಲು ಬರುವುದು ಇವತ್ತಿನ ಅಡುಗೆಗೆ, ಉಳಿದದ್ದು ದನಕ್ಕೆ ಅಥವಾ ಗೊಬ್ಬರಕ್ಕೆ. ಪೆಟ್ಟಾದದ್ದನ್ನು ಒಳ್ಳೆಯದರ ಜೊತೆ ಒಂದು ರಾತ್ರಿಯೂ ಇಡಬೇಡಿ. ಹದಿನೈದು ಇಪ್ಪತ್ತು ನಿಮಿಷ ಗಾಳಿಯಾಡಲಿ, ಮೈಮೇಲಿನ ನೀರು ಆರಲಿ, ಬಿಸಿ ಇಳಿಯಲಿ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಜೋರಾಗಿ ಬಿಟ್ಟರೆ ಎಲೆ ಬಾಡುತ್ತದೆ, ಸಣ್ಣಗೆ ತಿರುಗಲಿ. ಮಳೆಗಾಲದ ಧಾರವಾಡದಲ್ಲಿ ಉಲ್ಟಾ: ಹವೆಯೇ ತೇವ ಇರುವುದರಿಂದ ಫ್ಯಾನ್ ಇಲ್ಲದೆ ಒಂದು ತಾಸಾದರೂ ಸೊಪ್ಪು ಆರುವುದಿಲ್ಲ.

ಈಗ ತೊಳೆಯಬೇಡಿ. ತೊಳೆಯುವುದು ಅಡುಗೆಗೆ ತೆಗೆದಾಗ. ಮಣ್ಣು ಬಹಳ ಅಂಟಿದ್ದು ತೊಳೆಯಲೇಬೇಕು ಅನಿಸಿದರೆ ತೊಳೆಯಿರಿ, ಆದರೆ ಒಂದು ಹನಿಯೂ ಉಳಿಯದಂತೆ ಬಟ್ಟೆಯ ಮೇಲೆ ಆರಿಸುವಷ್ಟು ತಾಳ್ಮೆ ಇದ್ದರೆ ಮಾತ್ರ. ಅರ್ಧಂಬರ್ಧ ಒಣಗಿಸಿ ಇಡುವುದಕ್ಕಿಂತ ಮಣ್ಣಿನ ಸಮೇತ ಇಡುವುದೇ ಎಷ್ಟೋ ವಾಸಿ. ಮತ್ತೆ ಸೋಪು, ಪಾತ್ರೆ ತಿಕ್ಕುವ ಪುಡಿ ಯಾವತ್ತೂ ಬಳಸಬೇಡಿ. ಹರಿಯುವ ನೀರು, ಕೈಯಿಂದ ತಿಕ್ಕುವುದು, ಅಷ್ಟು ಸಾಕು.

## ಹಂತ 3: ಮೂರು ಗುಂಪು ಮಾಡಿ

ಎಲ್ಲ ಕಾಯಿಪಲ್ಲೆಗೂ ತಂಪು ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ. ಹರವಿದ್ದನ್ನು ಹೀಗೆ ಬೇರೆ ಮಾಡಿ.

ಹೊರಗೆ, ಒಣ ಗಾಳಿಯಲ್ಲಿ ಇರಬೇಕಾದವು: ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗೆಣಸು, ಕತ್ತರಿಸದ ಕುಂಬಳಕಾಯಿ, ಇನ್ನೂ ಪೂರ್ತಿ ಹಣ್ಣಾಗದ ಟೊಮೆಟೊ.

ಫ್ರಿಜ್‌ನ ಪೂರ್ತಿ ತಂಪು ಬೇಕಾದವು: ತಪ್ಪಲು ಪಲ್ಲೆ ಎಲ್ಲ, ಗಜ್ಜರಿ, ಮೂಲಂಗಿ, ಬೀಟ್‌ರೂಟ್, ಕ್ಯಾಬೀಜ್, ಹೂಕೋಸು, ಹಸಿ ಬಟಾಣಿ.

ನಡುವಿನವು: ಬದನೆ, ಬೆಂಡಿ, ಸವತಿ, ಹೀರೆ, ಡೊಣ್ಣ ಮೆಣಸಿನಕಾಯಿ, ಬೀನ್ಸ್, ಚವಳಿಕಾಯಿ. ಇವು ಬಿಸಿ ನಾಡಿನ ಬೆಳೆ. ಬಹಳ ತಂಪಿನಲ್ಲಿ ದಿನಗಟ್ಟಲೆ ಇಟ್ಟರೆ ಇವಕ್ಕೆ ಪೆಟ್ಟು ಬೀಳುತ್ತದೆ. ಬದನೆಯ ಮೈಮೇಲೆ ತಗ್ಗು ಬಿದ್ದ ಕಂದು ಕಲೆ, ಒಳಗೆ ಕಪ್ಪಾದ ಬೀಜ, ಸವತಿಯ ಮೇಲೆ ನೀರು ತುಂಬಿದಂಥ ಮೆತ್ತನೆ ಗುರುತು ಕಂಡರೆ ಅದು ಚಳಿಯ ಪೆಟ್ಟು. ಹವೆ ತಂಪಿದ್ದ ದಿನಗಳಲ್ಲಿ ಹೊರಗೇ ಬುಟ್ಟಿಯಲ್ಲಿಟ್ಟು ಎರಡು ಮೂರು ದಿನದಲ್ಲಿ ಖರ್ಚು ಮಾಡಿ. ಬೇಸಿಗೆಯಲ್ಲಿ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಬಾಗಿಲ ಕಡೆಗೆ ಇಡಿ. ಹಿಂದಿನ ಗೋಡೆಗೆ ತಾಗಿಸಬೇಡಿ.

ಇನ್ನೊಂದು ವಿಂಗಡಣೆ ಬಹಳ ಮುಖ್ಯ. ಮಾಗಿದ ಬಾಳೆ, ಮಾವು, ಪಪ್ಪಾಯಿ, ಸೇಬು, ಟೊಮೆಟೊ ಇವೆಲ್ಲ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿರುವ ಸೊಪ್ಪು, ಸವತಿ, ಹಾಗಲಕಾಯಿ ಇದರಿಂದ ಬೇಗ ಹಳದಿಯಾಗುತ್ತವೆ. ಕೆಳಗಿನ ತರಕಾರಿ ಡಬ್ಬದಲ್ಲಿ ಸೇಬು ಮತ್ತು ಪಾಲಕ್ ಒಟ್ಟಿಗೆ ಇಡುವವರು ಬಹಳ. ಪಾಲಕ್ ಹಳದಿಯಾದಾಗ ಸಂತೆಯವರನ್ನು ಬಯ್ಯುವವರೂ ಅವರೇ. ಹಣ್ಣಿಗೆ ಬೇರೆ ಜಾಗ ಮಾಡಿ.

## ಹಂತ 4: ತಪ್ಪಲು ಪಲ್ಲೆ

ಮೆಂತ್ಯೆಯ ಒಂದು ಕಟ್ಟು ತೆಗೆದುಕೊಳ್ಳಿ. ಬೇರಿನಲ್ಲಿ ಹಸಿ ಮಣ್ಣು, ದಾರ ಬಿಗಿದ ಜಾಗದಲ್ಲಿ ಒತ್ತಿಕೊಂಡ ದಂಟು, ನಡುವೆ ಸಿಕ್ಕಿಕೊಂಡ ಒಂದೆರಡು ಕಪ್ಪು ಎಲೆ, ಒಂದಿಷ್ಟು ಹುಲ್ಲು. ಕತ್ತರಿಯಿಂದ ಬೇರನ್ನು ಮಣ್ಣಿನ ಸಮೇತ ಕತ್ತರಿಸಿ. ಒಂದೊಂದೇ ಗಿಡ ಬಿಡಿಸಿ ಹಸನು ಮಾಡಿ. ಕಪ್ಪು ಎಲೆ ಒಂದೂ ಉಳಿಯಬಾರದು, ಯಾಕೆಂದರೆ ಡಬ್ಬಿಯೊಳಗೆ ಅದೊಂದೇ ಸಾಕು ಸುತ್ತಲಿನದನ್ನು ಕೆಡಿಸಲು. ಆದರೆ ಎಲೆಗಳನ್ನು ದಂಟಿನಿಂದ ಕೀಳಬೇಡಿ. ಕಿತ್ತ ಜಾಗದಿಂದ ನೀರು ಬೇಗ ಹೋಗುತ್ತದೆ. ಎಲೆ ಬಿಡಿಸುವುದು ಅಡುಗೆಗೆ ತೆಗೆದಾಗ.

ಈಗ ಡಬ್ಬಿಯ ತಳಕ್ಕೆ ಒಣ ಕಾಟನ್ ಬಟ್ಟೆ ಹಾಸಿ. ಸೊಪ್ಪನ್ನು ಸಡಿಲಾಗಿ ಹಾಕಿ, ಒತ್ತಬೇಡಿ. ಮೇಲೊಂದು ಬಟ್ಟೆ ಮುಚ್ಚಿ ಮುಚ್ಚಳ ಹಾಕಿ. ಹೀಗೆ ಎರಡೂ ಕೆಲಸ ಆಗುತ್ತದೆ: ಬಟ್ಟೆ ಸೊಪ್ಪು ಬಿಟ್ಟ ತೇವ ಹೀರುತ್ತದೆ, ಮುಚ್ಚಳದಿಂದಾಗಿ ಒಳಗಿನ ಹವೆ ಒಣಗುವುದಿಲ್ಲ. ಎರಡು ದಿನಕ್ಕೊಮ್ಮೆ ಬಟ್ಟೆ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಬದಲಿಸಿ. ಬಟ್ಟೆ ಹಾಕಿ ಮರೆತುಬಿಡುವುದು ಬಹಳ ಮಂದಿಯ ತಪ್ಪು. ಒದ್ದೆ ಬಟ್ಟೆ ಇದ್ದರೆ ಬಟ್ಟೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು.

ಹೀಗೆ ಇಟ್ಟರೆ ಮೆಂತ್ಯೆ, ಪಾಲಕ್, ರಾಜಗಿರಿ, ಸಬ್ಬಸಿಗೆ ನಾಲ್ಕೈದು ದಿನ ಚೆನ್ನಾಗಿರುತ್ತವೆ. ಪುಂಡಿ ಪಲ್ಲೆಯ ಎಲೆ ಗಟ್ಟಿ, ಅದು ಇನ್ನೊಂದೆರಡು ದಿನ ಜಾಸ್ತಿ ತಾಳುತ್ತದೆ. ಹಕ್ಕರಿಕಿ ತೀರಾ ಸೂಕ್ಷ್ಮ. ಅದನ್ನು ತಂದ ದಿನ, ಹೆಚ್ಚೆಂದರೆ ಮರುದಿನ ತಿಂದು ಮುಗಿಸಿ.

ಕೊತ್ತಂಬರಿಗೆ ಎರಡು ದಾರಿ. ಬೇರು ಇರುವ ಕಟ್ಟಾದರೆ ಬಾಟಲಿಯಲ್ಲಿ ಎರಡು ಬೆರಳಷ್ಟು ನೀರು ಹಾಕಿ ದಂಟು ಮುಳುಗುವಂತೆ ನಿಲ್ಲಿಸಿ, ಎಲೆಗಳ ಮೇಲೆ ಒಂದು ಕವರ್ ಸಡಿಲಾಗಿ ಇಳಿಬಿಟ್ಟು ಫ್ರಿಜ್‌ನಲ್ಲಿಡಿ. ಎಲೆಗೆ ನೀರು ತಾಗಬಾರದು, ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು. ಅಷ್ಟು ಜಾಗ ಇಲ್ಲದಿದ್ದರೆ ಮೆಂತ್ಯೆಯ ಹಾಗೆಯೇ ಡಬ್ಬಿ. ಎರಡರಲ್ಲೂ ಒಂದು ವಾರ ಆರಾಮಾಗಿ ಬರುತ್ತದೆ.

ಕರಿಬೇವನ್ನು ಕಡ್ಡಿಯಿಂದ ಬಿಡಿಸಿ, ಪೂರ್ತಿ ಒಣಗಿದ ಮೇಲೆ ಕಾಗದ ಹಾಸಿದ ಡಬ್ಬಿಗೆ. ಹಸಿಮೆಣಸಿನಕಾಯಿಯ ತೊಟ್ಟು ತೆಗೆಯಿರಿ, ಬೂಷ್ಟು ಮೊದಲು ಹತ್ತುವುದು ಆ ತೊಟ್ಟಿಗೇ. ತೊಟ್ಟು ತೆಗೆಯುವಾಗ ಕಾಯಿ ಸೀಳಿದರೆ ಅದನ್ನು ಬೇರೆ ಇಡಿ. ಶುಂಠಿಯನ್ನು ಸಿಪ್ಪೆ ತೆಗೆಯದೆ ಒಣ ಕಾಗದದಲ್ಲಿ ಸುತ್ತಿ.

ಸೊಪ್ಪು ಆಗಲೇ ಬಾಡಿದ್ದರೆ? ಲೋಳೆ, ವಾಸನೆ ಇಲ್ಲದೆ ಬರೀ ಜೋತು ಬಿದ್ದಿದ್ದರೆ ದಂಟಿನ ತುದಿಯನ್ನು ಸ್ವಲ್ಪ ಕತ್ತರಿಸಿ ತಣ್ಣೀರಲ್ಲಿ ಇಪ್ಪತ್ತು ನಿಮಿಷ ಇಡಿ. ಬಹುತೇಕ ಎದ್ದು ನಿಲ್ಲುತ್ತದೆ. ಹಾಗೆ ಎದ್ದ ಸೊಪ್ಪನ್ನು ಮತ್ತೆ ಡಬ್ಬಿಗೆ ಹಾಕಬೇಡಿ, ಆಗಲೇ ಬಳಸಿ.

## ಹಂತ 5: ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ

ಉಳ್ಳಾಗಡ್ಡಿ ಎಲ್ಲವೂ ಒಂದೇ ಅಲ್ಲ. ಗದಗ, ಧಾರವಾಡ, ಹಾವೇರಿ ಕಡೆ ಮುಂಗಾರಿನಲ್ಲಿ ಬೆಳೆದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬರುವ ಗಡ್ಡೆಯಲ್ಲಿ ನೀರಿನಂಶ ಜಾಸ್ತಿ, ಕತ್ತು ದಪ್ಪ. ಕೀಳುವಾಗ ಮಳೆ ಬಿದ್ದಿದ್ದರಂತೂ ಕೇಳುವುದೇ ಬೇಡ. ರುಚಿಗೆ ಏನೂ ಕಡಿಮೆಯಿಲ್ಲ, ಬಾಳಿಕೆ ಮಾತ್ರ ಕಡಿಮೆ. ಅಗ್ಗ ಸಿಕ್ಕಿತು ಅಂತ ದೀಪಾವಳಿ ಹೊತ್ತಿಗೆ ಒಂದು ಚೀಲ ಹಾಕಿಸಿಕೊಂಡು ಯುಗಾದಿವರೆಗೆ ಇಡಲು ಹೋಗಬೇಡಿ, ಎರಡು ಮೂರು ವಾರಕ್ಕಾಗುವಷ್ಟೇ ತನ್ನಿ. ಚೀಲಗಟ್ಟಲೆ ಇಡಬೇಕೆಂದರೆ ಬೇಸಿಗೆಯಲ್ಲಿ ಕಿತ್ತು ಚೆನ್ನಾಗಿ ಒಣಗಿದ, ಸಣ್ಣ ಕತ್ತಿನ ಗಡ್ಡೆ ಕೊಳ್ಳಿ. ನಾಸಿಕ್ ಕಡೆಯಿಂದ ಬರುವ ಹಿಂಗಾರಿ ಗಡ್ಡೆ ಆ ಜಾತಿಯದ್ದು, ಸರಿಯಾಗಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ತಂದ ಮೇಲೆ ಗೋಣಿಚೀಲದ ಮೇಲೆ ಒಂದೇ ಪದರಾಗಿ ನೆರಳಲ್ಲಿ ಎರಡು ಮೂರು ದಿನ ಹರವಿ. ಸಿಪ್ಪೆ ಕೈಯಲ್ಲಿ ಹಿಡಿದರೆ ಸರಸರ ಸದ್ದು ಬರಬೇಕು. ಆಮೇಲೆ ಬಿದಿರಿನ ಬುಟ್ಟಿಗೆ, ಇಲ್ಲವೆ ಜಾಳಿಗೆ ಚೀಲಕ್ಕೆ ಹಾಕಿ ಗಾಳಿ ಆಡುವ ಕಡೆ ತೂಗುಬಿಡಿ. ಪ್ಲಾಸ್ಟಿಕ್ ಬಕೆಟ್ಟು, ಮುಚ್ಚಿದ ಕಪಾಟು, ಸಿಂಕ್ ಕೆಳಗಿನ ಜಾಗ ಮೂರೂ ಬೇಡ. ಫ್ರಿಜ್‌ನಲ್ಲೂ ಬೇಡ, ಅಲ್ಲಿನ ತೇವಕ್ಕೆ ಗಡ್ಡೆ ಮೆತ್ತಗಾಗುತ್ತದೆ. ಅರ್ಧ ಕತ್ತರಿಸಿದ್ದನ್ನು ಮಾತ್ರ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿ ಮರುದಿನ ಮುಗಿಸಿ.

ಸಿಪ್ಪೆಯ ಕೆಳಗೆ ಕಪ್ಪು ಪುಡಿ ಕಂಡರೆ ಅದು ಬೂಷ್ಟು. ಹೊರಪದರಲ್ಲಷ್ಟೇ ಇದ್ದರೆ ಒಂದೆರಡು ಪದರು ತೆಗೆದು, ತೊಳೆದು ಬಳಸಬಹುದು. ಒಳಪದರಿಗೂ ಇಳಿದಿದ್ದರೆ ಬಿಸಾಡಿ.

ಬಳ್ಳೊಳ್ಳಿಗೂ ಇದೇ ಕ್ರಮ. ಗಡ್ಡೆ ಬಿಡಿಸಿದ ಮೇಲೆ ಅದರ ಬಾಳಿಕೆ ಇಳಿಯುತ್ತದೆ, ಬೇಕಾದಷ್ಟೇ ಬಿಡಿಸಿ. ಇಲ್ಲೊಂದು ಎಚ್ಚರಿಕೆ. ಸುಲಿದ ಬಳ್ಳೊಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಕಟ್ಟೆಯ ಮೇಲೆ ಇಡಬೇಡಿ. ಗಾಳಿ ತಾಗದ ಎಣ್ಣೆಯೊಳಗೆ ಬಾಟ್ಯುಲಿಸಮ್ ಎಂಬ ಜೀವಕ್ಕೇ ಅಪಾಯದ ಕಾಯಿಲೆ ತರುವ ವಿಷ ಹುಟ್ಟಬಹುದು, ವಾಸನೆಯಲ್ಲಾಗಲಿ ರುಚಿಯಲ್ಲಾಗಲಿ ಗೊತ್ತಾಗುವುದಿಲ್ಲ. ಸುಲಿದದ್ದನ್ನು ಎಣ್ಣೆ ಇಲ್ಲದೆ, ಒಣ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಕೆಲವೇ ದಿನದಲ್ಲಿ ಖರ್ಚು ಮಾಡಿ.

ಬಟಾಟಿಗೆ ಕತ್ತಲೆ ಬೇಕು, ಗಾಳಿಯೂ ಬೇಕು. ಬುಟ್ಟಿಯಲ್ಲಿ ಹಾಕಿ ಮೇಲೆ ಗೋಣಿಚೀಲ ಮುಚ್ಚಿ. ಬೆಳಕು ಬಿದ್ದರೆ ಸಿಪ್ಪೆ ಹಸಿರಾಗುತ್ತದೆ, ಜೊತೆಗೆ ಸೋಲನೈನ್ ಎಂಬ ಕಹಿ ವಿಷ ಜಾಸ್ತಿಯಾಗುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಸಣ್ಣ ಹಸಿರು ಕಲೆಯಿದ್ದರೆ ಆಳವಾಗಿ ಕೆತ್ತಿ ತೆಗೆಯಿರಿ, ಬಹಳ ಹಸಿರಾಗಿದ್ದರೆ ಎಸೆಯಿರಿ. ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ ಸಿಹಿ ಬರುತ್ತದೆ, ಎಣ್ಣೆಗೆ ಬಿಟ್ಟ ಕೂಡಲೇ ಕಪ್ಪಾಗುತ್ತದೆ. ಉಳ್ಳಾಗಡ್ಡಿ ಮತ್ತು ಬಟಾಟಿ ಒಂದೇ ಬುಟ್ಟಿಯಲ್ಲಿ ಬೇಡ. ಬಟಾಟಿ ಬಿಡುವ ತೇವ ಉಳ್ಳಾಗಡ್ಡಿಗೆ ಆಗಿಬರುವುದಿಲ್ಲ. ಇಷ್ಟು ವರ್ಷದಿಂದ ಒಟ್ಟಿಗೇ ಇಡುತ್ತಿದ್ದೀರಾ? ಇವತ್ತೇ ಬೇರೆ ಮಾಡಿ, ಮುಂದಿನ ವಾರವೇ ವ್ಯತ್ಯಾಸ ಕಾಣುತ್ತದೆ.

## ಹಂತ 6: ಫ್ರಿಜ್ ಒಳಗೆ ಎಲ್ಲಿ ಏನು

ಒಳಗಿನ ತಂಪು 3ರಿಂದ 5 ಡಿಗ್ರಿ ಇರಬೇಕು. ಅಳೆಯಬೇಕೆಂದರೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯಿಡೀ ಒಳಗೆ ಬಿಡಿ. ಜ್ವರ ನೋಡುವುದು ಇದಕ್ಕೆ ಬರುವುದಿಲ್ಲ, ಫ್ರಿಜ್‌ಗೆಂದೇ ಸಿಗುವುದು ಬೇಕು. ಬೇಸಿಗೆ ಮತ್ತು ಮಳೆಗಾಲಕ್ಕೆ ಒಂದೇ ಗುಂಡಿ ಇಟ್ಟುಕೊಂಡು ಕೂರಬೇಡಿ. ಮಳೆಗಾಲಕ್ಕೆ ಸ್ವಲ್ಪ ಇಳಿಸದಿದ್ದರೆ ಹಿಂದಿನ ಗೋಡೆಗೆ ತಾಗಿದ ಸೊಪ್ಪು ಮಂಜುಗಟ್ಟಿ, ಕರಗಿದಾಗ ಕಪ್ಪಗೆ ಮೆತ್ತಗಾಗುತ್ತದೆ.

ತಪ್ಪಲಿನ ಡಬ್ಬಿಗಳು ಕೆಳಗಿನ ತರಕಾರಿ ಡಬ್ಬದಲ್ಲಿ. ಅದಕ್ಕೆ ಗಾಳಿಯ ಕಿಂಡಿ ಇದ್ದರೆ ಸೊಪ್ಪಿರುವಾಗ ಮುಚ್ಚಿ, ಹಣ್ಣಿರುವಾಗ ತೆರೆಯಿರಿ. ಗಜ್ಜರಿ, ಮೂಲಂಗಿ, ಬೀಟ್‌ರೂಟ್‌ನ ತಪ್ಪಲನ್ನು ಕತ್ತರಿಸಿಯೇ ಇಡಬೇಕು, ಇಲ್ಲದಿದ್ದರೆ ಎಲೆ ಗಡ್ಡೆಯ ನೀರನ್ನೆಲ್ಲ ಎಳೆದುಕೊಂಡು ಗಡ್ಡೆ ಬೆಂಡಾಗುತ್ತದೆ. ಮೂಲಂಗಿ ತಪ್ಪಲು ಎಸೆಯಬೇಡಿ, ಅವತ್ತೇ ಪಲ್ಲೆ ಮಾಡಿ. ಗಜ್ಜರಿ ಎರಡು ವಾರ ಗಟ್ಟಿಯಾಗಿರುತ್ತದೆ. ಕ್ಯಾಬೀಜ್ ಹೊರಗಿನ ಎಲೆ ತೆಗೆಯದೆ ಇಟ್ಟರೆ ಅದಕ್ಕಿಂತಲೂ ಜಾಸ್ತಿ. ಹೂಕೋಸಿನ ತಲೆ ಕೆಳಗೆ ಮಾಡಿ ಇಡಿ, ಹನಿ ಹೂವಿನ ಮೇಲೆ ನಿಲ್ಲುವುದಿಲ್ಲ. ನಿಂಬೆಹಣ್ಣು ಮುಚ್ಚಿದ ಡಬ್ಬಿಯಲ್ಲಿ.

ಪ್ಲಾಸ್ಟಿಕ್ ಕವರ್ ಬಳಸಲೇಬೇಕಾದರೆ ಆರೆಂಟು ತೂತು ಮಾಡಿ, ಬಾಯಿ ಕಟ್ಟಬೇಡಿ. ಫ್ರಿಜ್ ತುಂಬಿ ತುಳುಕುವಷ್ಟು ತುರುಕಬೇಡಿ, ತಣ್ಣನೆ ಗಾಳಿ ತಿರುಗಾಡಲು ಜಾಗ ಬೇಕು. ಕರೆಂಟ್ ಹೋದಾಗ ಬಾಗಿಲು ತೆರೆಯದೆ ಇದ್ದರೆ ಸುಮಾರು 4 ತಾಸು ತಂಪು ಉಳಿಯುತ್ತದೆ. "ತಂಪಿದೆಯಾ ನೋಡೋಣ" ಅಂತ ಹತ್ತು ಸಲ ತೆರೆದರೆ ಅದೂ ಉಳಿಯುವುದಿಲ್ಲ.

## ಹಂತ 7: ಫ್ರಿಜ್ ಇಲ್ಲದವರಿಗೆ, ಅಥವಾ ಬೇಸಿಗೆಯಲ್ಲಿ ಜಾಗ ಸಾಲದವರಿಗೆ

ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಹವೆ ಒಣ. ಮಣ್ಣಿನ ಗಡಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ದೊಡ್ಡದೊಂದು, ಚಿಕ್ಕದೊಂದು ಗಡಿಗೆ ತನ್ನಿ, ಬಣ್ಣ ಹಚ್ಚದ್ದು. ಎರಡನ್ನೂ ಒಂದು ರಾತ್ರಿ ನೀರಲ್ಲಿ ನೆನೆಸಿ. ದೊಡ್ಡದರ ತಳಕ್ಕೆ ಎರಡು ಇಂಚು ಉಸುಕು ಹಾಕಿ, ಮೇಲೆ ಚಿಕ್ಕದನ್ನು ಕೂರಿಸಿ, ಸುತ್ತಲಿನ ಸಂದಿಗೂ ಉಸುಕು ತುಂಬಿ. ಉಸುಕಿಗೆ ಬೆಳಿಗ್ಗೆ, ಸಂಜೆ ನೀರು ಹಾಕಿ. ಒಳಗಿನ ಗಡಿಗೆಯಲ್ಲಿ ಕಾಯಿಪಲ್ಲೆ ಇಟ್ಟು ಬಾಯಿಗೆ ಹಿಂಡಿದ ಒದ್ದೆ ಬಟ್ಟೆ ಮುಚ್ಚಿ. ಬಟ್ಟೆಯಿಂದ ನೀರು ಒಳಗೆ ತೊಟ್ಟಿಕ್ಕಬಾರದು. ಗಾಳಿ ಬೀಸುವ ನೆರಳಲ್ಲಿ, ಇಟ್ಟಿಗೆಯ ಮೇಲೆ ಇಡಿ. ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಬದನೆ, ಬೆಂಡಿ, ಸವತಿ, ಟೊಮೆಟೊಗೆ ಈ ಹದವಾದ ತಂಪು ಫ್ರಿಜ್‌ಗಿಂತಲೂ ಒಗ್ಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಸೊಪ್ಪೂ ಒಂದೆರಡು ದಿನ ಜಾಸ್ತಿ ಬರುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಇದರಲ್ಲಿ ಬೇಡ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಡಿಗೆ ತೆಗೆದಿಡಿ, ಹವೆಯಲ್ಲಿ ತೇವ ತುಂಬಿರುವಾಗ ನೀರು ಆವಿಯಾಗುವುದಿಲ್ಲ, ತಂಪೂ ಆಗುವುದಿಲ್ಲ, ಸುಮ್ನೆ ಬೂಷ್ಟು ಬರುತ್ತದೆ. ಹಿತ್ತಿಲಲ್ಲಿ ಜಾಗ ಇದ್ದವರು ಇದನ್ನೇ ದೊಡ್ಡದಾಗಿ ಮಾಡಬಹುದು: ಇಟ್ಟಿಗೆಯ ಎರಡು ಗೋಡೆ, ನಡುವೆ ಮೂರು ಇಂಚು ಸಂದಿ, ಅದರಲ್ಲಿ ಒದ್ದೆ ಉಸುಕು, ಮೇಲೆ ನೆರಳು.

## ಹಂತ 8: ದಿನ ಬಿಟ್ಟು ದಿನ ಕಣ್ಣಾಡಿಸಿ

ಇಟ್ಟ ಮೇಲೆ ಕೆಲಸ ಮುಗಿಯಲಿಲ್ಲ. ದಿನ ಬಿಟ್ಟು ದಿನ ಐದು ನಿಮಿಷ ಸಾಕು. ಡಬ್ಬಿ ತೆರೆದು ಮೂಗಿಗೆ ಹಿಡಿಯಿರಿ, ಕಣ್ಣಿಗೆ ಕಾಣುವ ಮೊದಲೇ ವಾಸನೆ ಹೇಳುತ್ತದೆ. ಉಳ್ಳಾಗಡ್ಡಿ ಬುಟ್ಟಿ ಅಲುಗಾಡಿಸಿ ತಳದ್ದನ್ನು ಮೇಲಕ್ಕೆ ತನ್ನಿ. ಹಳೆಯದನ್ನು ಮುಂದಕ್ಕೆ, ಹೊಸದನ್ನು ಹಿಂದಕ್ಕೆ ಇಡಿ.

ಯಾವುದನ್ನು ಉಳಿಸಬಹುದು, ಯಾವುದನ್ನು ಎಸೆಯಬೇಕು ಎಂಬ ಗೊಂದಲ ಎಲ್ಲರಿಗೂ ಇದೆ. ಗಟ್ಟಿಯಾದ ಗಜ್ಜರಿ ಅಥವಾ ಕ್ಯಾಬೀಜ್‌ನಲ್ಲಿ ಸಣ್ಣ ಜಾಗದಲ್ಲಿ ಬೂಷ್ಟು ಇದ್ದರೆ ಸುತ್ತ ಒಂದು ಇಂಚು ಬಿಟ್ಟು ಕತ್ತರಿಸಿ ತೆಗೆದು ಬಳಸಬಹುದು. ಮೆತ್ತನೆಯ ಟೊಮೆಟೊ, ಸವತಿಯಲ್ಲಿ ಬೂಷ್ಟು ಕಂಡರೆ ಇಡೀ ಕಾಯಿ ಹೋಯಿತು. ಲೋಳೆಯಾದ ಸೊಪ್ಪನ್ನು ತೊಳೆದು ಬಳಸುವುದು ಬೇಡ. ಬಟಾಟಿಯಲ್ಲಿ ಚಿಕ್ಕ ಮೊಳಕೆ ಇದ್ದು ಗಡ್ಡೆ ಗಟ್ಟಿಯಾಗಿದ್ದರೆ ಕಣ್ಣಿನ ಸಮೇತ ಕೆತ್ತಿ ಬಳಸಿ, ಸುಕ್ಕುಗಟ್ಟಿದ್ದರೆ ಎಸೆಯಿರಿ. ಸೋರೆಕಾಯಿ ಕತ್ತರಿಸಿದಾಗ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಕಹಿಯಾಗಿದ್ದರೆ ಉಗುಳಿ, ಪೂರ್ತಿ ಎಸೆಯಿರಿ. ಇದು ಇಟ್ಟಿದ್ದರಿಂದ ಬರುವ ದೋಷವಲ್ಲ, ಆದರೆ ಆ ಕಹಿ ನಿಜವಾಗಿಯೂ ವಿಷ, ಕುದಿಸಿದರೂ ಹೋಗುವುದಿಲ್ಲ.

ಡಬ್ಬಿಯಲ್ಲಿ ಏನಾದರೂ ಕೊಳೆತಿದ್ದರೆ ಬರೀ ಅದನ್ನು ತೆಗೆದು ಬಿಡಬೇಡಿ. ಡಬ್ಬಿಯನ್ನು ಬಿಸಿನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಿ. ಬಟ್ಟೆಯನ್ನು ಒಗೆಯಿರಿ. ಅದೇ ಡಬ್ಬಿಗೆ ಹಾಗೇ ಹೊಸ ಸೊಪ್ಪು ಹಾಕಿದರೆ ಈ ಸಲ ಇನ್ನೂ ಬೇಗ ಕೊಳೆಯುತ್ತದೆ.

## ಜಾಸ್ತಿ ಉಳಿದರೆ

ಚಳಿಗಾಲದಲ್ಲಿ ಹಸಿ ಬಟಾಣಿ ಅಗ್ಗವಾದಾಗ ತೆಗೆದಿಡಲು ಎಲ್ಲರಿಗೂ ಆಸೆ. ಕಾಳು ಸುಲಿದು ಹಾಗೇ ಫ್ರೀಜರ್‌ಗೆ ಹಾಕಿದರೆ ಕೆಲವು ವಾರದಲ್ಲಿ ಬಣ್ಣ, ರುಚಿ ಎರಡೂ ಹೋಗುತ್ತವೆ. ಕುದಿಯುವ ನೀರಲ್ಲಿ ಒಂದೂವರೆಯಿಂದ ಎರಡು ನಿಮಿಷ ಹಾಕಿ, ತೆಗೆದ ಕೂಡಲೇ ಐಸ್ ಹಾಕಿದ ನೀರಿಗೆ ಬಿಡಿ. ಪೂರ್ತಿ ತಣ್ಣಗಾದ ಮೇಲೆ ಬಟ್ಟೆಯ ಮೇಲೆ ಹರವಿ ಒಣಗಿಸಿ. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹಾಕಿ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ತೆಗೆದು ಕಟ್ಟಿ. ತಟ್ಟೆಯ ಕೆಲಸ ಬಿಟ್ಟರೆ ಎಲ್ಲ ಕೂಡಿ ಒಂದೇ ಗಡ್ಡೆಯಾಗುತ್ತದೆ, ಒಂದು ಹಿಡಿ ಬೇಕಾದಾಗ ಪೂರ್ತಿ ಕರಗಿಸಬೇಕಾಗುತ್ತದೆ.

ಚವಳಿಕಾಯಿ, ಹಾಗಲಕಾಯಿ ಉಳಿದರೆ ಬೇಸಿಗೆಯ ಬಿಸಿಲಿದೆ. ಉಪ್ಪು, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಬಾಳಕ ಮಾಡಿ. ಕಡ್ಡಿಯ ಹಾಗೆ ಲಟಕ್ಕನೆ ಮುರಿಯುವವರೆಗೆ ಒಣಗಲಿ, ಬಾಗಿದರೆ ಇನ್ನೂ ಒಂದು ದಿನ ಬಿಸಿಲು ಬೇಕು. ಡಬ್ಬಿಗೆ ತುಂಬುವ ಮೊದಲು ಬಿಸಿಲಿನ ಕಾವು ಪೂರ್ತಿ ಆರಿರಲಿ, ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಬಟಾಣಿಯನ್ನು ಫ್ರೀಜರ್‌ನಿಂದ ತೆಗೆದಾಗ ಕರಗಲು ಬಿಡದೆ ನೇರ ಒಗ್ಗರಣೆಗೆ ಹಾಕಿ, ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.